ಅಕಾರಾದಿಯನ್ನು ಯಂತ್ರಕ್ಕೆ ಬಿಟ್ಟಾಗ

ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯೊಂದರ ಹಾಜರಿ ಪಟ್ಟಿಯನ್ನು ವೆಬ್ ಅಪ್ಲಿಕೇಶನ್ನಿನಲ್ಲಿ ತುಂಬಿ, ಅಡ್ಡಹೆಸರಿನ ಕಾಲಮ್ಮಿನ ಮೇಲಿರುವ ಬಾಣ ಒತ್ತಿ ನೋಡಿ. ಪ್ರತಿ ಅಕ್ಷರಕ್ಕೆ ಕೊಟ್ಟ ಸಂಖ್ಯೆಯನ್ನೇ, ಅಂದರೆ ಬರಿಯ ಕೋಡನ್ನೇ ನೆಚ್ಚಿದ ಅಪ್ಲಿಕೇಶನ್ ಆದರೆ ಬಳಿಗಾರ ಮೊದಲು, ಬಸರಗಿ ಆಮೇಲೆ ಬರುತ್ತದೆ. ವರ್ಣಮಾಲೆ ಕಲಿತ ಮಗುವಿಗೂ ಇದು ತಪ್ಪೆಂದು ಗೊತ್ತು. ಸ, ಹ ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ ಳ.

ಈ ಕೋಡುಗಳನ್ನು ಕೊಡುವ ಯುನಿಕೋಡ್ ನಮ್ಮ ಲಿಪಿಗಳನ್ನು 1988ರ ಇಸ್ಕಿ ಸಂಕೇತದ ಮಾದರಿಯಲ್ಲಿ ಜೋಡಿಸಿತು. ದೇವನಾಗರಿಯಿಂದ ಮಲಯಾಳದವರೆಗೆ ಎಲ್ಲಕ್ಕೂ ಒಂದೇ ನಕ್ಷೆ. ಆ ನಕ್ಷೆಯಲ್ಲಿ ಲ ಪಕ್ಕದಲ್ಲೇ ಳ ಇದೆ. ಅದು ಅಕ್ಷರವನ್ನು ಗುರುತಿಸಲು ಕೊಟ್ಟ ಸಂಖ್ಯೆ, ಅಕಾರಾದಿಯಲ್ಲ. ವಿಂಗಡಣೆಗೆಂದೇ ಯುನಿಕೋಡ್ ಬೇರೆ ನಿಯಮಾವಳಿ ಕೊಟ್ಟಿದೆ. ಅದನ್ನು ಓದದೆ ಸಂಖ್ಯೆಯನ್ನೇ ಅಕಾರಾದಿ ಎಂದುಕೊಂಡವರು ಅಪ್ಲಿಕೇಶನ್ ಬರೆಯುವವರು. ಮರಾಠಿಗೂ ಇದರಿಂದ ಅನ್ಯಾಯವೇ ಆಗಿದೆ: ಅಲ್ಲಿಯೂ ಹ ಆದ ಮೇಲೆ ಳ, ಕ್ಷ, ಜ್ಞ.

ವೆಬ್ ಅಪ್ಲಿಕೇಶನ್ ಬರೆಯುವ ಜಾವಾಸ್ಕ್ರಿಪ್ಟಿನ ಸಾದಾ ಸಾರ್ಟ್ ಕೋಡುಗಳನ್ನೇ ಹೋಲಿಸುತ್ತದೆ. ಅದರಲ್ಲೇ ಇರುವ ಇಂಟ್ಲ್ ಕೊಲೇಟರ್ ಎಂಬ ಸೌಲಭ್ಯ ಬಳಸಿ, ಭಾಷೆ ಕನ್ನಡವೆಂದು ಹೇಳಿದರೆ ಭಾಷೆಯ ನಿಯಮದಂತೆ ಹೋಲಿಸುತ್ತದೆ. ಇನ್ನೊಂದು ಕಾಣದ ತೊಡಕೂ ಇದರಿಂದ ನೀಗುತ್ತದೆ. ರಾಜ್‌ಕುಮಾರ ಎಂಬಲ್ಲಿ ಒತ್ತಕ್ಷರ ಆಗದಂತೆ ನಡುವೆ ಒಂದು ಅದೃಶ್ಯ ಚಿಹ್ನೆ ಹಾಕುತ್ತೇವೆ. ಅದರ ಕೋಡು ಕನ್ನಡದ ಎಲ್ಲ ಅಕ್ಷರಗಳಿಗಿಂತ ದೊಡ್ಡದು. ಹಾಗಾಗಿ ಆ ಹುಡುಗ ರಾಜ್ಯಶ್ರೀಯ ಕೆಳಗೆ ಹೋಗಿ ಬೀಳುತ್ತಾನೆ. ಕೊಲೇಟರ್ ಆ ಚಿಹ್ನೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆದರೆ ಸೋಲಾಪುರದ ಕಷ್ಟ ಇಷ್ಟಕ್ಕೆ ತೀರದು. ಇಲ್ಲಿ ಒಂದೇ ಪಟ್ಟಿಯಲ್ಲಿ ಬಿರಾಜದಾರ ಕನ್ನಡದಲ್ಲಿ, ಪಾಟೀಲ ದೇವನಾಗರಿಯಲ್ಲಿ ಇರಬಹುದು. ಯಂತ್ರ ದೇವನಾಗರಿಯ ಹೆಸರುಗಳನ್ನೆಲ್ಲ ಒಂದು ಕಡೆ, ಕನ್ನಡದವನ್ನು ಇನ್ನೊಂದು ಕಡೆ ಗುಂಪು ಮಾಡುತ್ತದೆ. ಒಂದೇ ಬೆಂಚಿನ ಮೇಲೆ ಕೂತ ಮಕ್ಕಳು ಪಟ್ಟಿಯಲ್ಲಿ ಬೇರೆಯಾಗುತ್ತಾರೆ. ಮೇಲೆ ಹೇಳಿದ ಆ ಒಂದೇ ನಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ದೇವನಾಗರಿಯ ಕ ತನ್ನ ವಿಭಾಗದಲ್ಲಿ ಎಷ್ಟನೆಯ ಸ್ಥಾನದಲ್ಲಿದೆಯೋ ಕನ್ನಡದ ಕ ಕೂಡ ತನ್ನ ವಿಭಾಗದಲ್ಲಿ ಅಷ್ಟನೆಯದೇ. ಆದ್ದರಿಂದ ಪ್ರತಿ ಹೆಸರನ್ನೂ ಒಂದೇ ಲಿಪಿಗೆ ತಿರುಗಿಸಿದ ಗುಪ್ತ ಕೀಲಿ ಇಟ್ಟು, ವಿಂಗಡಣೆಗೆ ಅದನ್ನೇ ಕೊಡಬಹುದು. ಪರದೆಯ ಮೇಲೆ ಬರೆದದ್ದು ಬರೆದಂತೆಯೇ ಉಳಿಯುತ್ತದೆ. ಡೇಟಾಟೇಬಲ್ಸ್ ಎಂಬ ಪರಿಕರದಲ್ಲಿ ಇದಕ್ಕೆ ಡೇಟಾ-ಆರ್ಡರ್ ಎಂಬ ಗುಣವಿದೆ. ಈ ಎಲ್ಲ ಏರ್ಪಾಡುಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ, ಏಕೆಂದರೆ ಇದು ಯಾರ ಬರಹವನ್ನೂ ತಿದ್ದುವುದಿಲ್ಲ.

ಯಾವ ಭಾಗದಿಂದ ವಿಂಗಡಿಸಬೇಕು ಎಂಬುದನ್ನು ಮಾತ್ರ ಯಾವ ಪರಿಕರವೂ ಹೇಳಲಾರದು. ಸೋಲಾಪುರದ ಜಯದೇವಿತಾಯಿ ಲಿಗಾಡೆ 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ಆ ಪೀಠವೇರಿದ ಮೊದಲ ಮಹಿಳೆ. ಕನ್ನಡ ಓದುಗರು ಅವರನ್ನು ಜಕಾರದಲ್ಲಿ ಹುಡುಕುತ್ತಾರೆ. ಅಡ್ಡಹೆಸರು ಮೊದಲು ಬರೆಯುವ ಮಹಾರಾಷ್ಟ್ರದ ದಾಖಲೆಯಲ್ಲಿ ಅವರು ಲಕಾರಕ್ಕೆ ಸೇರುತ್ತಾರೆ. ಗ್ರಂಥಾಲಯದ ಕೋಷ್ಟಕ ಎರಡೂ ದಾರಿ ತೆರೆದಿಡಬೇಕು.

ಹೆಸರಿನ ಮಾತು ಹಾಗಿರಲಿ, ಅಂಕಿಯಲ್ಲಿ ತಪ್ಪಿದರೆ ಹೊಟ್ಟೆಗೇ ಪೆಟ್ಟು. ವಿಜಯಪುರ, ಕಲಬುರಗಿ ಕಡೆಯ ರೈತರೂ ಉಳ್ಳಾಗಡ್ಡಿ ತರುವ ಸೋಲಾಪುರ ಮಾರುಕಟ್ಟೆಯ ದರಪಟ್ಟಿಯನ್ನು ಊಹಿಸಿಕೊಳ್ಳಿ. ದರದ ಕಾಲಮ್ಮನ್ನು ಪಠ್ಯವೆಂದು ಬಗೆದರೆ ಇಳಿಕೆ ಕ್ರಮದಲ್ಲಿ 900 ಮೇಲೆ, 2100 ಅದರ ಕೆಳಗೆ, 1200 ಕೊನೆಗೆ. ಅವಸರದಲ್ಲಿ ಮೊದಲ ಸಾಲು ನೋಡಿದವನು ಅದೇ ಹೆಚ್ಚಿನ ದರವೆಂದು ನಂಬುತ್ತಾನೆ. ದಿನಾಂಕದ್ದೂ ಇದೇ ಪಾಡು: ಏರಿಕೆ ಕ್ರಮದಲ್ಲಿ 02/03/2024 ಎಂಬುದು 15/01/2024ಕ್ಕಿಂತ ಮೊದಲು ಬರುತ್ತದೆ. ಇದು ಸೂಕ್ಷ್ಮ ಸಮಸ್ಯೆಯೇನಲ್ಲ, ಕಾಲಮ್ಮು ಯಾವ ಬಗೆಯದೆಂದು ಒಂದು ಸಾಲಿನಲ್ಲಿ ಹೇಳದ ಸೋಮಾರಿತನ.

ಬಳಕೆದಾರರೇ ಸೆಟ್ಟಿಂಗಿಗೆ ಹೋಗಿ ಬೇಕಾದಂತೆ ಬದಲಿಸಿಕೊಳ್ಳಲಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಅಕ್ಕಲಕೋಟೆ ತಾಲೂಕಿನ ಮೈಂದರ್ಗಿಯ ಮಾಸ್ತರರಿಗೆ ಪಾಠ ಬಿಟ್ಟು ವಿಂಗಡಣೆಯ ನಿಯಮ ಕಲಿಯುವ ಹೊರೆ ಏಕೆ? ತೆರೆದ ಕೂಡಲೇ ಸರಿಯಾಗಿ ಕಾಣುವುದು ಮೊದಲು, ಬದಲಿಸುವ ಸ್ವಾತಂತ್ರ್ಯ ಆಮೇಲೆ. ಅಪ್ಲಿಕೇಶನ್ ಕೊಳ್ಳುವ ಶಾಲೆಗಳು, ಸಂಘಗಳು, ಗ್ರಂಥಾಲಯಗಳು ಕೈಯಿಂದ ಅಕಾರಾದಿ ಮಾಡಿದ ನೂರು ಹೆಸರಿನ ಪಟ್ಟಿಯೊಂದನ್ನು ಮುಂದಿಡಲಿ. ಯಂತ್ರದ ಕ್ರಮ ಅದಕ್ಕೆ ತಾಳೆಯಾಗುವವರೆಗೆ ಕೆಲಸ ಮುಗಿಯಿತೆಂದು ಸಹಿ ಹಾಕದಿರಲಿ.