ತಾಳ್ಮೆಯನ್ನು ಹೊಗಳುವವರು

‘ಕುಗ್ಗಬೇಡಿ, ಕೌಶಲ್ಯ ಬೆಳೆಸಿಕೊಳ್ಳಿ, ಕಾಲಕ್ಕೆ ತಕ್ಕಂತೆ ಬದಲಾಗಿ, ಕೆಲಸ ತಾನಾಗಿ ಬರುತ್ತೆ.’ ಡಿಗ್ರಿ ಮುಗಿಸಿ ಊರಿಗೆ ವಾಪಸಾದ ನಮ್ಮ ಹುಡುಗ ಹುಡುಗಿಯರಿಗೆ ಪುಕ್ಕಟೆ ಸಿಗುತ್ತಿರುವುದು ಇದೊಂದೇ. ಕವಿತೆ ಓದುವ ಹಾಗೆ ಈ ಮಾತನ್ನೂ ಬಿಡಿಸಿ ಓದೋಣ. ಕೆಲಸ ಕೇಳುವವನು ಹೇಗಿರಬೇಕು ಅನ್ನೋದು ಇದರಲ್ಲಿ ಪೂರಾ ಇದೆ. ಕೆಲಸ ಕೊಡುವವನ ಬಗ್ಗೆ ಒಂದಕ್ಷರವೂ ಇಲ್ಲ.

ಕೌಶಲ್ಯ ಅಂದರೇನು ಅಂತ ನೋಡಬೇಕಾದರೆ ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಕಡೆ ಅಡಿಕೆ ಸುಗ್ಗಿಯಲ್ಲಿ ಬನ್ನಿ. ಭದ್ರಾ ನಾಲೆ, ಬೋರ್‌ವೆಲ್ ನೀರು ಹರಿದು ತೋಟ ಹಬ್ಬಿದ ಸೀಮೆ ಇದು. ಗೊನೆ ಇಳಿಸಿದ ಹಸಿ ಅಡಿಕೆ ಹೆಚ್ಚು ದಿನ ಕಾಯೋದಿಲ್ಲ. ಬೇಗ ಸುಲಿದು, ಚೊಗರಿನಲ್ಲಿ ಬೇಯಿಸಿ, ಬಿಸಿಲಿಗೆ ಹರಡಬೇಕು. ಕೇರಿಯ ಹೆಣ್ಣುಮಕ್ಕಳು ಕತ್ತಿಯ ಮುಂದೆ ಕೂತು, ಒಳಗಿನ ಕಾಯಿಗೆ ಗಾಯವಾಗದಂತೆ ಸಿಪ್ಪೆ ತೆಗೆಯುತ್ತಿದ್ದರು. ಬೆರಳಿಗೆ ಹತ್ತಿದ ಕಪ್ಪು ಎಷ್ಟು ಉಜ್ಜಿದರೂ ಹೋಗದು. ಕೂಲಿ ಸುಲಿದಷ್ಟಕ್ಕೆ. ಆಮೇಲೆ ಸುಲಿಯೋ ಮಿಷನ್ ಬಂತು. ಅದನ್ನು ಕೊಂಡವರು ತೋಟದವರು, ಖೇಣಿ ಹಿಡಿದವರು. ಮಿಷನ್ ಬಂದ ಕಡೆ ಸಾಲಾಗಿ ಕೂರುತ್ತಿದ್ದ ಕೈಗಳು ಬೇಕಿಲ್ಲವಾದವು. ಆ ಹೆಣ್ಣುಮಕ್ಕಳಲ್ಲಿ ಯಾವ ಕೌಶಲ್ಯ ಕಮ್ಮಿಯಿತ್ತು ಸ್ವಾಮಿ? ಮಿಷನ್ ಬೇಡ ಅಂತ ನಾನು ಹೇಳ್ತಿಲ್ಲ. ಇಡೀ ದಿನ ಬೆನ್ನು ಬಗ್ಗಿಸಿ ಕೂರೋ ಕೆಲಸ ಹೋದರೆ ಹೋಗಲಿ. ಆದರೆ ಅದರಿಂದ ಉಳಿದ ಕೂಲಿಯ ದುಡ್ಡು ಯಾರ ಜೇಬಿಗೆ ಹೋಯ್ತು ಅಂತ ಯಾವ ತರಬೇತಿ ಶಿಬಿರದಲ್ಲೂ ಪಾಠ ಮಾಡೋದಿಲ್ಲ.

ನಮ್ಮ ಸಾಹಿತ್ಯದ ಕಡೆಗೂ ಬೆರಳು ತೋರಿಸಬೇಕು. ನಮ್ಮ ಸಣ್ಣಪತ್ರಿಕೆಗಳಲ್ಲಿ ಅವ್ವನ ಮೇಲೆ ಬರುವ ಕವಿತೆಗಳು ಲೆಕ್ಕವಿಲ್ಲ. ಅವ್ವ ಭೂಮಿ, ಅವ್ವ ಸಹನೆ, ಅವ್ವ ಎಲ್ಲಾ ನುಂಗಿಕೊಂಡವಳು. ಮಾಲೀಕನಿಗೆ ಬೇಕಾದ್ದೂ ಇಂಥ ಅವ್ವನೇ ಅಲ್ಲವೇ? ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಹೀಗಿಲ್ಲ. ಹುಂಜ ಕಳೆದುಹೋದರೆ ಅವಳು ಸಹಿಸಿಕೊಂಡು ಕೂರೋದಿಲ್ಲ, ಹುಡುಕುತ್ತಾಳೆ, ಬಾಯಿಗೆ ಬಂದಂತೆ ಬೈಯುತ್ತಾಳೆ. ಆ ಮನೆಯವರು ಸಾಹುಕಾರನ ಕಡಲೇಕಾಯಿಯನ್ನು ರಾತ್ರಿ ಕಳೆಯೋದರೊಳಗೆ ತಿಂದು ಮುಗಿಸುತ್ತಾರೆ. ಅವರ ಹಸಿವಿಗೆ ಲೇಖಕರು ತಾಳ್ಮೆಯ ಬಣ್ಣ ಬಳಿಯುವುದಿಲ್ಲ. ಹುಂಜ ಹೋಯಿತು, ಯಾರು ತಿಂದರು ಅನ್ನೋ ಲೆಕ್ಕ ಅವ್ವನ ಬಾಯಲ್ಲೇ ಇದೆ. ನಮ್ಮ ಅವ್ವಂದಿರ ಕವಿತೆಗಳಲ್ಲಿ ಈ ಲೆಕ್ಕವೇ ಕಾಣೆ.

ಇನ್ನು ಓದಿದವರ ಕಥೆ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್ 27ರಂದು ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ಇಟ್ಟಿತು. ಇಂಗ್ಲಿಷಿನಿಂದ ತಂದ ಕನ್ನಡ ಪ್ರಶ್ನೆಗಳು ಎಷ್ಟು ಕೆಟ್ಟಿದ್ದವೆಂದರೆ ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಮಾಡಬೇಕಾಯಿತು. ಅದರಲ್ಲೂ ತಪ್ಪು! ಕನ್ನಡ ಶಾಲೆಯಲ್ಲಿ ಓದಿ ಬಂದ ಕೂಲಿಯವಳ ಮಗಳು ಪ್ರಶ್ನೆಯೇ ಅರ್ಥವಾಗದೆ ಸೋತರೆ ಅವಳನ್ನು ‘ಅರ್ಹತೆ ಸಾಲದು’ ಅಂತ ಕಳಿಸುತ್ತಾರೆ. ಪ್ರಶ್ನೆ ಬರೆದವನ ಅರ್ಹತೆಗೆ ಪರೀಕ್ಷೆ ಯಾವಾಗ? ಯುವನಿಧಿ ಇದೆ ಅನ್ನಬಹುದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಆ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕೋಚಿಂಗ್ ಊರಿನ ರೂಮ್ ಬಾಡಿಗೆಗೆ ಒಂದಿಷ್ಟು ಆಸರೆ, ನಿಜ. ಆದರೆ ಮೇಲೆ ಹೇಳಿದ ಪಿಎಸ್‌ಐ ಪರೀಕ್ಷೆ ಒಂದೇ ಎರಡು ವರ್ಷಕ್ಕಿಂತ ಹೆಚ್ಚು ನುಂಗಿತಲ್ಲ!

ಈ ಪತ್ರಿಕೆ ಓದುವವರಲ್ಲಿ ಅತಿಥಿ ಶಿಕ್ಷಕರೂ ಇದ್ದೀರಿ. ಕೌಶಲ್ಯ ಬೆಳೆಸಿಕೊಳ್ಳಿ ಅಂತ ಮಕ್ಕಳಿಗೆ ಹೇಳುವಾಗ, ಶಾಲೆ ಮುಚ್ಚುವ ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಅಡುಗೆಮನೆ ಹೇಗೆ ನಡೆಯುತ್ತದೆ ಅನ್ನೋದನ್ನೂ ಹೇಳಿ, ಮಕ್ಕಳಿಗೆ ಅರ್ಥವಾಗುತ್ತೆ. ಮುಂದಿನ ಸಂಚಿಕೆಗೆ ಅವ್ವನ ಮೇಲೆ ಕವಿತೆ ಕಳಿಸುವ ಗೆಳೆಯರು, ಅದರ ಜೊತೆ ಒಂದು ಚೀಟಿಯಲ್ಲಿ ನಿಮ್ಮೂರಲ್ಲಿ ಈ ಸುಗ್ಗಿಗೆ ಸುಲಿಯೋ ಕೂಲಿ ಎಷ್ಟು, ಅವ್ವನಿಗೆ ಎಷ್ಟು ದಿನ ಕೆಲಸ ಸಿಕ್ಕಿತು, ಮಿಷನ್ ಯಾರದು ಅಂತ ಬರೆದು ಕಳಿಸಿ.