ಹೆತ್ತ ಕರುಳು ಮತ್ತು ಹಿಂದಿನ ಸೀಟು

ಪ್ರತಿ ಬೇಸಿಗೆಯಲ್ಲೂ ಅಮೆರಿಕದಿಂದ ಆ ಸುದ್ದಿ ಬರುತ್ತದೆ. ಅಪ್ಪನೋ ಅಮ್ಮನೋ ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮರೆತು ಕೆಲಸಕ್ಕೆ ಹೋಗಿದ್ದಾರೆ. ಸಂಜೆ ಡೇಕೇರ್ ಬಾಗಿಲಲ್ಲಿ ನಿಂತು ಕೇಳಿದಾಗಲೇ ಮಗು ಬೆಳಿಗ್ಗೆ ಅಲ್ಲಿಗೆ ಬಂದೇ ಇರಲಿಲ್ಲವೆಂದು ತಿಳಿದಿದೆ. ಡಲ್ಲಾಸ್‌ನಲ್ಲೋ ಫೀನಿಕ್ಸ್‌ನಲ್ಲೋ ಇರುವ ನಮ್ಮ ನೆಂಟರು ಅದನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಇಲ್ಲಿಂದ ಹೋಗುವ ಉತ್ತರ ಸಾಮಾನ್ಯವಾಗಿ ಒಂದೇ: ಹೆತ್ತ ಕರುಳು ಮರೆಯುತ್ತದೆಯೇ? ಆ ಪ್ರಶ್ನೆಯೊಳಗೆ ತೀರ್ಪು ಆಗಲೇ ಕೂತಿದೆ. ಪ್ರೀತಿಯಿದ್ದಲ್ಲಿ ಮರೆವಿಲ್ಲ, ಮರೆತವರಲ್ಲಿ ಪ್ರೀತಿಯಿರಲಿಲ್ಲ. ನನ್ನ ತಕರಾರು ಈ ತೀರ್ಪಿನ ಮೇಲೆ. ಅದು ಕ್ರೂರವಾದದ್ದು ಎನ್ನುವುದು ಒಂದು ಮಾತು. ಮುಂದಿನ ಮಗುವನ್ನು ಉಳಿಸುವ ದಾರಿಗೆ ಅದೇ ಅಡ್ಡ ಬಿದ್ದಿದೆ ಎನ್ನುವುದು ಅದಕ್ಕಿಂತ ದೊಡ್ಡ ಮಾತು.

ಈ ತೀರ್ಪಿಗೆ ಬಂದ ಅತ್ಯುತ್ತಮ ಉತ್ತರ ಯಾವುದೆಂದು ವಿಷಯ ಬಲ್ಲವರಿಗೆ ಗೊತ್ತು. 2009ರ ಮಾರ್ಚ್‌ನಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಜೀನ್ ವೈನ್‌ಗಾರ್ಟನ್ ಬರೆದ ‘ಫೇಟಲ್ ಡಿಸ್ಟ್ರ್ಯಾಕ್ಷನ್’. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು. ಹೀಗೆ ಮರೆತವರಲ್ಲಿ ಮಕ್ಕಳ ವೈದ್ಯರಿದ್ದರು, ಪಾದ್ರಿಯಿದ್ದರು, ರಾಕೆಟ್ ವಿಜ್ಞಾನಿಯಿದ್ದರು. ಹಣ, ಓದು, ಜನಾಂಗ, ಲಿಂಗ ಯಾವುದೂ ಯಾರನ್ನೂ ಕಾಯಲಿಲ್ಲ ಎಂದು ಆ ಲೇಖನ ತೋರಿಸಿತು. ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ನರವಿಜ್ಞಾನಿ ಡೇವಿಡ್ ಡೈಮಂಡ್ ಅವರ ವಿವರಣೆಯನ್ನು ಸಾಮಾನ್ಯ ಓದುಗನವರೆಗೆ ತಂದದ್ದೂ ಅದೇ. ದಿನನಿತ್ಯದ ದಾರಿಯಲ್ಲಿ ಕಾರು ಓಡಿಸುವಾಗ ನಮ್ಮನ್ನು ನಡೆಸುವುದು ಮಿದುಳಿನಾಳದ ಅಭ್ಯಾಸದ ವ್ಯವಸ್ಥೆ, ಬೇಸಲ್ ಗ್ಯಾಂಗ್ಲಿಯಾ. ‘ಇವತ್ತು ಮಗುವನ್ನು ನಾನೇ ಬಿಡಬೇಕು’ ಎಂಬ ಹೊಸ ಸಂಗತಿಯನ್ನು ಹಿಡಿದಿರುವುದು ಬೇರೆ ಭಾಗಗಳು: ಹಿಪೊಕ್ಯಾಂಪಸ್ ಮತ್ತು ಪ್ರೀಫ್ರಂಟಲ್ ಕಾರ್ಟೆಕ್ಸ್. ನಿದ್ದೆಗೆಟ್ಟ ರಾತ್ರಿ, ಬದಲಾದ ದಿನಚರಿ, ನಡುವೆ ಬಂದ ಒಂದು ಫೋನ್ ಕರೆ ಇವೆಲ್ಲ ಒಟ್ಟಿಗೆ ಬಿದ್ದ ದಿನ ಅಭ್ಯಾಸ ಗೆಲ್ಲುತ್ತದೆ. ಮಗುವನ್ನು ಬಿಟ್ಟಾಯಿತು ಎಂದು ಮಿದುಳು ನಂಬಿಬಿಡುತ್ತದೆ. ಆಮೇಲೆ ಹುಡುಕುವುದಕ್ಕೆ ಏನೂ ಉಳಿದಿರುವುದಿಲ್ಲ, ಏಕೆಂದರೆ ಏನೋ ಕಳೆದಿದೆ ಎಂಬ ಅರಿವೇ ಇರುವುದಿಲ್ಲ.

ಇದನ್ನು ತಿಳಿಯಲು ನಮಗೆ ನರವಿಜ್ಞಾನ ಬೇಕೇಬೇಕೆಂದೂ ಇರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುವ ಗಾದೆ ನಮ್ಮದೇ. ಅದನ್ನು ನಾವು ನಗುವುದಕ್ಕೆ ಬಳಸುತ್ತೇವೆ, ಸರಿ. ಆದರೆ ಗಾದೆ ಕಟ್ಟಿದವರಿಗೆ ಒಂದು ಸಂಗತಿ ಗೊತ್ತಿತ್ತು. ಮೈಗೆ ಅಂಟಿಕೊಂಡ ಕೂಸು, ಅದರ ಭಾರ, ಅದರ ಬಿಸಿ ಎಲ್ಲ ಇದ್ದೂ ಅದು ಮನಸ್ಸಿಗೆ ಕಾಣದೇ ಹೋಗಬಹುದು. ಆ ಗಾದೆಯ ತಾಯಿಗೆ ಪ್ರೀತಿ ಕಡಿಮೆ ಎಂದು ಯಾರೂ ಹೇಳಿಲ್ಲ. ಹುಡುಕುವ ಗಾಬರಿಯೇ ಪ್ರೀತಿಗೆ ಸಾಕ್ಷಿ. ಹಾಗಿರುವಾಗ, ಹಿಂದಕ್ಕೆ ಮುಖಮಾಡಿದ ಸೀಟಿನಲ್ಲಿ ಸದ್ದಿಲ್ಲದೆ ಮಲಗಿದ ಕೂಸಿನ ವಿಷಯದಲ್ಲಿ ನಮ್ಮ ಭಾಷೆ ಇಷ್ಟು ನಿಷ್ಠುರವಾಗುವುದೇಕೆ?

ವೈನ್‌ಗಾರ್ಟನ್ ಲೇಖನವನ್ನು ನಾನು ಹಲವು ಸಲ ಓದಿದ್ದೇನೆ, ಗೆಳೆಯರಿಗೂ ಓದಲು ಕೊಟ್ಟಿದ್ದೇನೆ. ಈ ವಿಷಯದಲ್ಲಿ ಅದಕ್ಕಿಂತ ದೊಡ್ಡ ಬರಹವನ್ನು ನಾನು ಕಂಡಿಲ್ಲ. ಹಾಗಿದ್ದೂ ಅದು ಓದುಗನನ್ನು ತಪ್ಪು ಜಾಗದಲ್ಲಿ ಬಿಟ್ಟುಹೋಗುತ್ತದೆ ಎಂದೇ ನನ್ನ ಅಭಿಪ್ರಾಯ. ನ್ಯಾಯಾಲಯದ ಮೊಗಸಾಲೆ, ತಂದೆಯ ಬಿಕ್ಕಳಿಕೆ, ತಾಯಿಯ ಕಲ್ಲಾದ ಮುಖ ಇವುಗಳ ಮೇಲೆ ಅವರ ಕಣ್ಣು ಎಷ್ಟು ಆಳವಾಗಿ ನೆಟ್ಟಿದೆಯೆಂದರೆ ಓದಿ ಮುಗಿಸಿದವರಿಗೆ ಉಳಿಯುವ ಭಾವ ‘ಇದು ನನಗೂ ಆಗಬಹುದಿತ್ತು’ ಎಂಬ ನಡುಕ. ತೀರ್ಪನ್ನು ಕರಗಿಸುವುದಕ್ಕೆ ಆ ನಡುಕ ಬೇಕು. ಸಾವನ್ನು ತಡೆಯುವುದಕ್ಕೆ ಅದು ಸಾಲದು. ವಿಧಿಯಾಟವನ್ನು ಕಂಡವರ ಹಾಗೆ ನಾವು ಮನೆಗೆ ಹಿಂದಿರುಗುತ್ತೇವೆ.

ಆ ಲೇಖನದಲ್ಲೇ ಬಂದು ಬೇಗ ಹಿಂದೆ ಸರಿಯುವ ಒಂದು ಪ್ರಸಂಗವಿದೆ. ನನಗೆ ಇಡೀ ವಿಷಯದ ಕೀಲು ಅಲ್ಲಿದೆ. ವರ್ಜೀನಿಯಾದಲ್ಲಿರುವ ನಾಸಾದ ಲ್ಯಾಂಗ್ಲಿ ಕೇಂದ್ರದ ಎಂಜಿನಿಯರುಗಳು, ಸಹೋದ್ಯೋಗಿಯೊಬ್ಬರ ಮಗು ಹೀಗೆ ತೀರಿಕೊಂಡ ಮೇಲೆ, 2000ರ ದಶಕದ ಆರಂಭದಲ್ಲಿ ಒಂದು ಸಾಧನ ಮಾಡಿದರು. ಮಗುವಿನ ಸೀಟಿನಲ್ಲಿ ಭಾರ ಅರಿಯುವ ಸೆನ್ಸರ್, ಬೀಗದ ಗೊಂಚಲಿನಲ್ಲಿ ಒಂದು ಅಲಾರಂ. ಮಗುವನ್ನು ಬಿಟ್ಟು ಕಾರಿನಿಂದ ದೂರ ಸರಿದರೆ ಅದು ಕೂಗುತ್ತದೆ. ಅದನ್ನು ತಯಾರಿಸಿ ಮಾರುವ ಕಂಪನಿ ಸಿಗಲಿಲ್ಲ. ಸಾಧನ ಕೈಕೊಟ್ಟರೆ ಮೊಕದ್ದಮೆಯ ಭಯ ಒಂದು ಕಾರಣ. ಇನ್ನೊಂದು, ಕೊಳ್ಳುವವರು ಇರಲಾರರು ಎಂಬ ಲೆಕ್ಕ: ‘ನಾನು ನನ್ನ ಮಗುವನ್ನು ಮರೆಯುತ್ತೇನೆಯೇ?’ ಎನ್ನುವವರು ಅದನ್ನೇಕೆ ಕೊಂಡಾರು? ಹೆತ್ತ ಕರುಳಿನ ಮೇಲಿನ ನಂಬಿಕೆ ಇಲ್ಲಿ ಬರೀ ಅಭಿಪ್ರಾಯವಾಗಿ ಉಳಿಯಲಿಲ್ಲ, ಒಂದು ಸಾಧನವನ್ನು ಅಂಗಡಿಯವರೆಗೂ ಬರಗೊಡಲಿಲ್ಲ. ಎಚ್ಚರಿಕೆಯ ವಸ್ತುವನ್ನು ಕೊಳ್ಳುವುದೆಂದರೆ ತಾನು ಮರೆಯಬಲ್ಲೆ ಎಂದು ಒಪ್ಪಿಕೊಳ್ಳುವುದು. ಆ ಒಪ್ಪಿಗೆಯನ್ನೇ ನಾವು ನಾಚಿಕೆಗೇಡು ಮಾಡಿಟ್ಟಿದ್ದೇವೆ.

ಮಕ್ಕಳು ಹಿಂದಿನ ಸೀಟಿಗೆ ಹೋದದ್ದಕ್ಕೂ ಒಂದು ಚರಿತ್ರೆಯಿದೆ. 1990ರ ದಶಕದಲ್ಲಿ ಮುಂದಿನ ಸೀಟಿನ ಏರ್‌ಬ್ಯಾಗ್ ಬಡಿದು ಅಮೆರಿಕದಲ್ಲಿ ಮಕ್ಕಳು ಸತ್ತರು. ಕೂಸುಗಳನ್ನು ಹಿಂದಿನ ಸೀಟಿನಲ್ಲಿ, ಮುಖ ಹಿಂದಕ್ಕೆ ಮಾಡಿ ಕೂರಿಸಿ ಎಂಬ ಸಲಹೆ ಬಂತು. ಸರಿಯಾದ ಸಲಹೆ, ಏರ್‌ಬ್ಯಾಗಿನ ಸಾವುಗಳು ಇಳಿದವು. ಬಿಸಿ ಕಾರಿನ ಸಾವುಗಳು ಏರಿದವು. ಸ್ಯಾನ್ ಹೋಸೆಯ ಹವಾಮಾನ ವಿಜ್ಞಾನಿ ಜ್ಯಾನ್ ನಲ್ 1998ರಿಂದೀಚಿನ ಒಂದೊಂದು ಸಾವನ್ನೂ ಲೆಕ್ಕ ಇಟ್ಟಿದ್ದಾರೆ: ವರ್ಷಕ್ಕೆ ಸರಾಸರಿ 37ರ ಆಸುಪಾಸು, 2018 ಮತ್ತು 2019ರಲ್ಲಿ ತಲಾ 50ಕ್ಕಿಂತ ಹೆಚ್ಚು. ಒಂದು ತಲೆಮಾರಿನ ತಂದೆತಾಯಿಗಳ ಪ್ರೀತಿ ಇದ್ದಕ್ಕಿದ್ದಂತೆ ಬತ್ತಿತೆಂದು ಯಾರಾದರೂ ವಾದಿಸುವರೇ? ಬದಲಾದದ್ದು ಮಗು ಕೂರುವ ಜಾಗ. ಒಂದು ಸುರಕ್ಷತೆಯನ್ನು ವಿನ್ಯಾಸ ಮಾಡಿದವರು ಅದು ಹುಟ್ಟಿಸಿದ ಅಪಾಯವನ್ನು ತಾಯಿಯ ನೆನಪಿನ ಮೇಲೆ ಹೊರಿಸಿ ಕೈತೊಳೆದುಕೊಂಡರು.

ಆ ಹೊರೆಯ ಹೆಸರು ‘ಲಾಕ್ ಮಾಡುವ ಮೊದಲು ನೋಡಿ’ ಎಂಬ ಘೋಷಣೆ. ಅದನ್ನು ಕಟ್ಟಿದವರ ಕಳಕಳಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಕೈಕೊಟ್ಟದ್ದು ನೆನಪಾದರೆ, ನೆನಪಿಟ್ಟುಕೊಳ್ಳಿ ಎನ್ನುವುದು ಯಾವ ಸೀಮೆಯ ಮದ್ದು? ಚೀಲವನ್ನೋ ಎಡಗಾಲಿನ ಶೂವನ್ನೋ ಮಗುವಿನ ಪಕ್ಕದಲ್ಲಿಡಿ ಎಂಬ ಸಲಹೆ ಇದಕ್ಕಿಂತ ಬುದ್ಧಿವಂತಿಕೆಯದ್ದು, ಏಕೆಂದರೆ ಅದು ನೆನಪನ್ನು ಬಿಟ್ಟು ಕಾಲನ್ನು ನಂಬುತ್ತದೆ; ಬರಿಗಾಲಲ್ಲಿ ಯಾರೂ ಆಫೀಸಿನ ಲಿಫ್ಟ್ ಹತ್ತುವುದಿಲ್ಲ. ಮಗು ಬಾರದಿದ್ದರೆ ಹತ್ತೇ ನಿಮಿಷದಲ್ಲಿ ಮನೆಗೆ ಕರೆ ಮಾಡುವ ಡೇಕೇರ್ ಅದಕ್ಕಿಂತಲೂ ಮೇಲು. ಹಾಗಿದ್ದರೂ ಈ ಸಲಹೆಗಳನ್ನು ಪಾಲಿಸುವುದು ಆಗಲೇ ತಮ್ಮ ಮರೆವನ್ನು ಒಪ್ಪಿಕೊಂಡವರು ಮಾತ್ರ.

ಘೋಷಣೆಯ ಇನ್ನೊಂದು ದೋಷ, ಬೇರೆ ಬೇರೆ ಮೂರು ಸಾವುಗಳನ್ನು ಅದು ಒಂದೇ ಮಾಡಿಬಿಡುತ್ತದೆ. ನಲ್ ಅವರ ಲೆಕ್ಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳು ಮರೆತುಹೋದವರು. ಸುಮಾರು ಕಾಲು ಭಾಗ ನಿಂತ ಕಾರಿಗೆ ತಾವೇ ಹತ್ತಿ ಸಿಕ್ಕಿಕೊಂಡವರು. ಸುಮಾರು ಐದನೆಯ ಒಂದು ಭಾಗದವರನ್ನು ದೊಡ್ಡವರು ಗೊತ್ತಿದ್ದೇ ಬಿಟ್ಟುಹೋದದ್ದು. ಹೀಗೆ ಗೊತ್ತಿದ್ದೇ ಬಿಟ್ಟುಹೋಗುವವರಿಗೆ ಪ್ರಚಾರ ಬೇಕು, ಕಾನೂನಿನ ಭಯವೂ ಬೇಕು. 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ನಲ್ ಮತ್ತು ಜೊತೆಗಾರರು ಪ್ರಕಟಿಸಿದ ಅಳತೆಗಳ ಪ್ರಕಾರ ಹೊರಗೆ 22 ಡಿಗ್ರಿ ಸೆಲ್ಸಿಯಸ್ ಇದ್ದ ದಿನವೂ ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಇನ್ನೂ 22 ಡಿಗ್ರಿಯಷ್ಟು ಏರುತ್ತದೆ. ಆ ಏರಿಕೆಯ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲೇ. ಬೆಂಗಳೂರಿನಲ್ಲಿ ಹಿತವಾದ ಬೆಳಗು ಎನ್ನುತ್ತೇವಲ್ಲ, ಅಂಥ ದಿನ. ‘ಐದೇ ನಿಮಿಷದಲ್ಲಿ ಬಂದೆ’ ಎಂದು ಮಗುವನ್ನು ಬಿಟ್ಟು ಬ್ಯಾಂಕಿಗೆ ಹೋಗುವವರಿಗೆ ಈ ಅಂಕಿ ಗೊತ್ತಿರಬೇಕು. ಗೊತ್ತಿದ್ದೂ ಬಿಟ್ಟವರನ್ನು ಶಿಕ್ಷಿಸುವುದರಲ್ಲಿ ನನಗೆ ತಕರಾರಿಲ್ಲ. ಕ್ಷಮಿಸುತ್ತ ಹೋದರೆ ಜನ ಸಡಿಲಾಗುತ್ತಾರೆ ಎಂಬ ಆಕ್ಷೇಪ ಅವರ ಮಟ್ಟಿಗೆ ನಿಜ. ಮರೆತವರ ಮಟ್ಟಿಗೆ ಅದಕ್ಕೆ ಅರ್ಥವಿಲ್ಲ. ಮಗುವಿನ ಸಾವಿಗೇ ಹೆದರದ ಮರೆವು ಜೈಲಿಗೆ ಹೆದರೀತೇ? ಅಮೆರಿಕದಲ್ಲಿ ಹೀಗೆ ಮರೆತವರ ಪೈಕಿ ಸುಮಾರು 60 ಪ್ರತಿಶತ ಮಂದಿಯ ಮೇಲೆ ಮೊಕದ್ದಮೆ ಹೂಡುತ್ತಾರೆ, ಉಳಿದವರದನ್ನು ಅಪಘಾತ ಎನ್ನುತ್ತಾರೆ ಎಂದು ವೈನ್‌ಗಾರ್ಟನ್ ಬರೆದಿದ್ದರು. ಒಂದೇ ಬಗೆಯ ಮರೆವು ಒಂದು ಕೌಂಟಿಯಲ್ಲಿ ಅಪರಾಧ, ಇನ್ನೊಂದರಲ್ಲಿ ದುರಂತ.

ಹಾಗಾದರೆ ಏನು ಮಾಡಬೇಕಿತ್ತು? ಅಮೆರಿಕ ಒಮ್ಮೆ ಸರಿಯಾಗಿಯೇ ಮಾಡಿತ್ತು. 1998ರ ಬೇಸಿಗೆಯಲ್ಲಿ ಮೂರು ವಾರಗಳ ಅಂತರದಲ್ಲಿ ಹನ್ನೊಂದು ಮಕ್ಕಳು ಆಟವಾಡುತ್ತ ಕಾರಿನ ಡಿಕ್ಕಿಗಳಲ್ಲಿ ಸಿಕ್ಕಿ ಸತ್ತರು. ಆಗ ಘೋಷಣೆಗೆ ನಿಲ್ಲಲಿಲ್ಲ. 2001ರ ಸೆಪ್ಟೆಂಬರ್‌ನಿಂದ ತಯಾರಾಗುವ ಕಾರುಗಳ ಡಿಕ್ಕಿಯೊಳಗೆ ಬಿಡುಗಡೆಯ ಹಿಡಿಯೊಂದು ಕಡ್ಡಾಯವಾಯಿತು. ಕತ್ತಲಲ್ಲಿ ಹೊಳೆಯುವ ಆ ಹಿಡಿಯನ್ನು ಎಳೆದರೆ ಮುಚ್ಚಳ ತೆರೆಯುತ್ತದೆ. ಹಿಂದಿನ ಸೀಟಿನ ವಿಷಯದಲ್ಲಿ ಆ ನಿಶ್ಚಯ ಕಾಣದು. ಜನರಲ್ ಮೋಟರ್ಸ್ 2016ರಲ್ಲಿ ತಂದ ವ್ಯವಸ್ಥೆ ಹಿಂದಿನ ಬಾಗಿಲು ತೆರೆದದ್ದನ್ನು ಗುರುತಿಟ್ಟುಕೊಂಡು ಎಂಜಿನ್ ಆರಿಸಿದಾಗ ಸದ್ದು ಮಾಡುತ್ತದೆ. ಇಲ್ಲದಿದ್ದುದಕ್ಕಿಂತ ವಾಸಿ. ಆದರೆ ಅದಕ್ಕೆ ಗೊತ್ತಿರುವುದು ಬಾಗಿಲು, ಮಗುವಲ್ಲ. ತರಕಾರಿ ಚೀಲ ಇಟ್ಟ ದಿನವೂ ಕೂಗುವ ಸದ್ದಿಗೆ ಕಿವಿ ಬೇಗ ಒಗ್ಗಿಹೋಗುತ್ತದೆ, ತಾನೇ ಹತ್ತಿದ ಮಗುವಿಗಂತೂ ಅದು ಎಂದೂ ಕೂಗದು. 2021ರ ಅಮೆರಿಕನ್ ಕಾಯಿದೆ ಕೇಳಿದ್ದೂ ಇಂಥ ಎಚ್ಚರಿಕೆಯನ್ನೇ; ಅದಕ್ಕೆ ನಿಯಮ ರೂಪಿಸಲು ಕೊಟ್ಟ ಎರಡು ವರ್ಷದ ಗಡುವು ಕೂಡ ದಾಟಿಹೋಯಿತು. ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ 2023ರಿಂದ ಮಗುವಿನ ಇರುವಿಕೆಯನ್ನು ಪತ್ತೆಹಚ್ಚುವ ಕಾರುಗಳಿಗೆ ಅಂಕ ಕೊಡಲಾರಂಭಿಸಿತು. 2025ರಿಂದ ಬಾಗಿಲಿನ ಲೆಕ್ಕಾಚಾರಕ್ಕೆ ಅಂಕವಿಲ್ಲ, ಮಗುವನ್ನೇ ಅರಿಯಬೇಕು. ಹೊದಿಕೆಯ ಕೆಳಗೆ ಮಲಗಿದ ಕೂಸಿನ ಎದೆಯ ಏರಿಳಿತವನ್ನು 60 ಗಿಗಾಹರ್ಟ್ಸ್ ರಾಡಾರ್ ಗುರುತಿಸಬಲ್ಲದು.

ಇಟಲಿಯ ಕಾನೂನನ್ನು ನಾನು ಇನ್ನೊಂದು ಕಾರಣಕ್ಕೆ ಮೆಚ್ಚುತ್ತೇನೆ. 2019ರ ನವೆಂಬರ್‌ನಿಂದ ಅಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳ ಸೀಟಿಗೆ ಎಚ್ಚರಿಕೆಯ ಸಾಧನ ಕಡ್ಡಾಯ. ಖರ್ಚನ್ನು ಪೋಷಕರ ಮೇಲೆ ಹಾಕಿದ್ದು ಅದರ ಕೊರತೆ ಎನ್ನಬಹುದು. ಆದರೆ ಎಲ್ಲರೂ ಇಟ್ಟುಕೊಳ್ಳಲೇಬೇಕಾದಾಗ ಅದು ಯಾರ ಪ್ರೀತಿಯ ಮೇಲಿನ ಸಂದೇಹವಾಗಿಯೂ ಉಳಿಯುವುದಿಲ್ಲ. ನಾಸಾದ ಸಾಧನ ಎಡವಿದ ಕಲ್ಲನ್ನು ಇಟಲಿ ತೆಗೆದುಹಾಕಿತು.

ತಾಯ್ತನದ ವಾದ ಎಷ್ಟು ಪೊಳ್ಳೆಂದು ಶಾಲಾ ವಾಹನಗಳು ತೋರಿಸಿವೆ. ಅಲ್ಲಿ ಒಬ್ಬರ ಕರುಳಿನ ಪ್ರಶ್ನೆಯಿಲ್ಲ. ಚಾಲಕ, ಆಯಾ, ಶಿಕ್ಷಕಿ, ಹಾಜರಿ ಪುಸ್ತಕ ಎಲ್ಲ ಇರುತ್ತವೆ. ಜಪಾನಿನ ಮಾಕಿನೊಹಾರಾದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಎಂದಿನ ಚಾಲಕ ಬಂದಿರಲಿಲ್ಲ, ಬೇರೆಯವರು ಬಸ್ಸು ಓಡಿಸಿದರು, ಮೂರು ವರ್ಷದ ಮಗು ಬಸ್ಸಿನಲ್ಲೇ ಉಳಿಯಿತು. ಅದೇ ತಿಂಗಳು ಕತಾರಿನಲ್ಲಿ ಕೇರಳ ಮೂಲದ ಮಗುವೊಂದು ಶಾಲಾ ಬಸ್ಸಿನಲ್ಲಿ ತೀರಿಕೊಂಡಿತು. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿರುತ್ತಾರೆಂದು ನಂಬಿರುತ್ತಾರೆ. 2018ರಲ್ಲಿ ಇಂಥದೇ ಸಾವು ಕಂಡ ದಕ್ಷಿಣ ಕೊರಿಯಾ ಮರುವರ್ಷ ಒಂದು ಸರಳ ಉಪಾಯವನ್ನು ಕಡ್ಡಾಯ ಮಾಡಿತು: ಬಸ್ಸಿನ ಕಟ್ಟಕಡೆಯ ಸೀಟಿನ ಹತ್ತಿರ ಒಂದು ಗುಂಡಿ. ಎಂಜಿನ್ ಆರಿಸಿದ ಚಾಲಕ ಹಿಂದಕ್ಕೆ ನಡೆದುಹೋಗಿ ಅದನ್ನು ಒತ್ತದಿದ್ದರೆ ಅಲಾರಂ ಕೂಗುತ್ತದೆ. ಅವನು ಏನನ್ನೂ ನೆನಪಿಡಬೇಕಿಲ್ಲ, ನಡೆದರೆ ಸಾಕು. ನಮ್ಮ ಊರುಗಳ ಶಾಲಾ ವ್ಯಾನುಗಳಲ್ಲಿ ಇದನ್ನು ಹಾಕಿಸಲು ಎಷ್ಟು ಖರ್ಚಾದೀತು?

ನಮ್ಮಲ್ಲಿ ಈ ಸಾವಿನ ಚಹರೆಯೇ ಬೇರೆ ಎಂಬುದನ್ನೂ ಹೇಳಬೇಕು. ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಪ್ರಯಾಣಿಸುವವರು ಹೆಚ್ಚಿರುವಲ್ಲಿ ಸೀಟಿನಲ್ಲಿ ಮರೆತುಹೋಗುವುದು ಕಡಿಮೆ. ನಿಂತ ಕಾರಿಗೆ ಆಟವಾಡುತ್ತ ಹತ್ತಿ ಸಿಕ್ಕಿಕೊಳ್ಳುವುದು ಹೆಚ್ಚು. 2024ರ ನವೆಂಬರ್‌ನಲ್ಲಿ ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ ಕೃಷಿ ಕೂಲಿಕಾರರ ನಾಲ್ಕು ಮಕ್ಕಳು, 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಬಳಿ ಮತ್ತೆ ನಾಲ್ಕು ಮಕ್ಕಳು ಹೀಗೆ ಹೋದರು. ಪತ್ರಿಕೆಗಳು ಬರೆದದ್ದು ‘ಉಸಿರುಗಟ್ಟಿ ಸಾವು’ ಎಂದು. ಈ ಪದದೊಂದಿಗೂ ನನಗೆ ಜಗಳವಿದೆ. ಕಾರು ಗಾಳಿಯಾಡದ ಪೆಟ್ಟಿಗೆಯಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಗಾಳಿ ಮುಗಿಯುವುದಕ್ಕೆ ಬಹಳ ಮೊದಲೇ ಶಾಖ ತನ್ನ ಕೆಲಸ ಮಾಡುತ್ತದೆ. ಚಿಕ್ಕ ಮಕ್ಕಳ ಮೈ ದೊಡ್ಡವರದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಉಸಿರುಗಟ್ಟುವುದೇ ಕಾರಣ ಎಂದು ನಂಬಿದವರು ಗಾಜನ್ನು ಎರಡು ಬೆರಳು ಇಳಿಸಿ ನಿಶ್ಚಿಂತರಾಗುತ್ತಾರೆ. ಗಾಜು ತುಸು ಇಳಿಸಿದರೆ ಏನೂ ಪ್ರಯೋಜನವಿಲ್ಲವೆಂದು 2005ರ ಆ ಅಳತೆಗಳೇ ತೋರಿಸಿದ್ದವು. ತಪ್ಪು ಪದ ತಪ್ಪು ಮದ್ದನ್ನು ಕೈಗೆ ಕೊಡುತ್ತದೆ.

ಮನೆಯಲ್ಲಿ ಮಗು ಕಾಣದಾದರೆ ನಮ್ಮ ಹಿರಿಯರು ಮೊದಲು ಓಡುತ್ತಿದ್ದುದು ಬಾವಿಗೆ, ಆಮೇಲೆ ನೀರಿನ ತೊಟ್ಟಿಗೆ. ಯಾರೂ ಅವರಿಗೆ ಘೋಷಣೆ ಕಲಿಸಿರಲಿಲ್ಲ. ಮಗು ಎಲ್ಲಿ ಸಾಯಬಹುದೆಂಬುದು ಕಾಲಿಗೇ ಗೊತ್ತಿತ್ತು. ಬಾವಿಗೆ ಕಟ್ಟೆ ಕಟ್ಟಿದರು, ಸಂಪಿಗೆ ಮುಚ್ಚಳ ಹಾಕಿದರು. ಅಂಗಳದಲ್ಲಿ, ಬೀದಿಯ ಮರದ ಬಳಿ, ಪಕ್ಕದ ಮನೆಯವರು ನಿಲ್ಲಿಸಿದ ಕಾರು ಆ ಓಟದ ದಾರಿಗೆ ಇನ್ನೂ ಸೇರಿಲ್ಲ. ಬೀಗ ಹಾಕದ ಬಾಗಿಲು, ಮಕ್ಕಳ ಕೈಗೆಟುಕುವ ಮೊಳೆಯಲ್ಲಿ ನೇತಾಡುವ ಕೀಲಿ. ವಿಜಯನಗರಂನಲ್ಲಿ ಆಟಕ್ಕೆ ಹೋದ ಮಕ್ಕಳನ್ನು ಹುಡುಕಿ ಸೋತ ಮೇಲೆ, ತಾಸುಗಟ್ಟಲೆ ತಡವಾಗಿ, ಅವರು ಸಿಕ್ಕಿದ್ದು ಊರೊಳಗೇ ನಿಂತಿದ್ದ ಕಾರಿನಲ್ಲಿ.