ಎಷ್ಟು ತಡೆದೀತು, ಎಷ್ಟು ಸಾಕು

ಮೂವರು ರೋಗಿಗಳಿಗೆ ಸಣ್ಣ ಡೋಸ್. ಯಾರಿಗೂ ತೀವ್ರ ತೊಂದರೆಯಾಗದಿದ್ದರೆ ಮುಂದಿನ ಮೂವರಿಗೆ ತುಸು ಹೆಚ್ಚು. ಒಬ್ಬರಿಗೆ ತೊಂದರೆಯಾದರೆ ಅದೇ ಡೋಸನ್ನು ಇನ್ನೂ ಮೂವರಿಗೆ ಕೊಟ್ಟು ನೋಡುತ್ತಾರೆ. ಎರಡನೆಯವರಿಗೂ ಆಯಿತೋ, ಏರಿಕೆ ಅಲ್ಲಿಗೆ ನಿಂತಿತು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದೇ ಮುಂದಿನ ಪ್ರಯೋಗಗಳಿಗೆಲ್ಲ ಪ್ರಮಾಣ. ಬೇರೆ ಚಿಕಿತ್ಸೆಗಳು ಕೈಕೊಟ್ಟ ಕ್ಯಾನ್ಸರ್ ರೋಗಿಗಳ ಮೇಲೆ ಹೊಸ ಔಷಧವನ್ನು ಮೊದಲು ಪರೀಕ್ಷಿಸುವ ಈ 'ಮೂರು-ಮೂರು' ಪದ್ಧತಿ ಕಿಮೋ ಕಾಲದ್ದು. ಕಿಮೋ ವಿಷವೇ ಆದ್ದರಿಂದ, ಮೈ ತಡೆಯುವಷ್ಟನ್ನೂ ಕೊಡಬೇಕೆಂಬ ತರ್ಕಕ್ಕೆ ಅಲ್ಲಿ ಅರ್ಥವಿತ್ತು.

ಪದ್ಧತಿಯ ಹೆಚ್ಚುಗಾರಿಕೆಯನ್ನು ಅಲ್ಲಗಳೆಯಲಾಗದು. ಅಮೆರಿಕದಲ್ಲಿ 1991ರಿಂದ 2002ರವರೆಗೆ ನಡೆದ 460 ಮೊದಲ ಹಂತದ ಪ್ರಯೋಗಗಳ ಸುಮಾರು 12,000 ರೋಗಿಗಳಲ್ಲಿ ಔಷಧದ ವಿಷದಿಂದಲೇ ಸತ್ತವರು ಶೇ 0.49. ಗಡ್ಡೆ ಕುಗ್ಗಿದ್ದು ಶೇ 10.6ರಷ್ಟು ಜನರಲ್ಲಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರಲ್ಲಿ ಹೆಚ್ಚಿನವರು ಬರುವುದು ಈ ಎರಡನೆಯ ಅಂಕಿಯನ್ನು ನೆಚ್ಚಿ; ಪ್ರಯೋಗವನ್ನು ಕಟ್ಟಿರುವುದು ಮೊದಲನೆಯದರ ಸುತ್ತ. ಈ ಬಿರುಕನ್ನು ಯಾವ ಒಪ್ಪಿಗೆ ಪತ್ರವೂ ಪೂರ್ತಿ ಮುಚ್ಚಿದ್ದನ್ನು ನಾನು ಕಾಣೆ.

ಆದರೆ ನನ್ನ ದೊಡ್ಡ ತಕರಾರು ಬೇರೆ: ಕಿಮೋಗೆ ಹೊಂದಿದ ಆ ತರ್ಕ ಹೊಸ ಮಾತ್ರೆಗಳಿಗೆ ಹೊಂದುವುದಿಲ್ಲ. ದಶಕಗಳ ಕಾಲ ಯಾವ ಮದ್ದಿಗೂ ಬಗ್ಗದ, ಗಡ್ಡೆ ಬೆಳೆಸುವ ಕೆ-ರ‍್ಯಾಸ್ ಪ್ರೋಟೀನನ್ನು ಹಿಡಿದ ಸೊಟೊರಾಸಿಬ್ ಮಾತ್ರೆಯನ್ನೇ ನೋಡಿ. ಮೊದಲ ಹಂತದಲ್ಲಿ 129 ರೋಗಿಗಳು. ಡೋಸ್ ಏರಿಕೆಯನ್ನು ತಡೆಯುವಂಥ ತೊಂದರೆ ಒಬ್ಬರಲ್ಲೂ ಕಾಣಲಿಲ್ಲ. ಹಾಗಾಗಿ ಏಣಿಯ ತುದಿಯೇ, ಅಂದರೆ ದಿನಕ್ಕೆ 960 ಮಿಲಿಗ್ರಾಂ, ಎಂಟು ಮಾತ್ರೆ, ಖಾಯಂ ಆಯಿತು. ವಿಚಿತ್ರವೆಂದರೆ 180ರಿಂದ 960ಕ್ಕೆ ಏರಿದರೂ ರಕ್ತದಲ್ಲಿ ಔಷಧ ಅದೇ ಲೆಕ್ಕದಲ್ಲಿ ಏರಿರಲಿಲ್ಲ. 2021ರ ಮೇ ತಿಂಗಳಲ್ಲಿ ಅನುಮತಿ ಕೊಟ್ಟ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 240 ಮಿಲಿಗ್ರಾಂ ಸಾಲದೇ ಎಂಬುದನ್ನೂ ಪರೀಕ್ಷಿಸಿ ಎಂದು ಕಂಪನಿಗೆ ಹೇಳಬೇಕಾಯಿತು. ಹೋಲಿಸಿದಾಗ 960ರಲ್ಲಿ ಗಡ್ಡೆ ಕುಗ್ಗಿದವರೂ ಸ್ವಲ್ಪ ಹೆಚ್ಚು, ತೀವ್ರ ಅಡ್ಡಪರಿಣಾಮವೂ ಹೆಚ್ಚು. ಮಾರುಕಟ್ಟೆಗೆ ಬರುವ ಮೊದಲೇ ಕೇಳಬೇಕಿದ್ದ ಪ್ರಶ್ನೆ ಇದು.

ತೊಂದರೆಯನ್ನು ಎಣಿಸುವ ಅವಧಿಯಾದರೂ ಎಷ್ಟು? ಸಾಮಾನ್ಯವಾಗಿ ಮೊದಲ ಮೂರು-ನಾಲ್ಕು ವಾರ. ಮಾತ್ರೆಯನ್ನೋ ತಿಂಗಳುಗಟ್ಟಲೆ ನುಂಗಬೇಕು. ದಿನವೂ ಕಾಡುವ ಭೇದಿ, ಸುಸ್ತು ದಾಖಲೆಯಲ್ಲಿ 'ಸೌಮ್ಯ' ಎಂದಾಗುತ್ತವೆ. ಅದೇ ಕಾರಣಕ್ಕೆ ರೋಗಿ ಮಾತ್ರೆ ಬಿಟ್ಟರೆ ಪದ್ಧತಿಗೆ ಅದು ಕಾಣಿಸುವುದೇ ಇಲ್ಲ.

2021ರಲ್ಲಿ ಎಫ್‌ಡಿಎ ಆರಂಭಿಸಿದ 'ಪ್ರಾಜೆಕ್ಟ್ ಆಪ್ಟಿಮಸ್' ಈಗ ಎರಡು-ಮೂರು ಡೋಸ್‌ಗಳನ್ನು ಮೊದಲೇ ಹೋಲಿಸಿ ನೋಡಿ ಎನ್ನುತ್ತದೆ. ಇದಕ್ಕೆ ಹೆಚ್ಚು ರೋಗಿಗಳು ಬೇಕು, ಹಣ ಬೇಕು, ಔಷಧ ತಡವಾಗುತ್ತದೆ ಎಂಬ ಗೊಣಗಾಟ ಸುಳ್ಳಲ್ಲ. ಆದರೂ ಆ ತಡವನ್ನು ಕಂಪನಿ ಹೊರಲಿ. ಈವರೆಗೆ ಅವಸರದ ಬೆಲೆ ತೆತ್ತವರು ಎಂಟು ಮಾತ್ರೆ ನುಂಗಿದವರು.